ಮೊದಲು ಬೇಡದ ಚೀಟಿ ತೆಗೆಯಿರಿ

ಎರಡು ವರ್ಷದ ಹಿಂದೆ, ಸಕ್ಕರೆ ಕಾಯಿಲೆಯವರನ್ನೇ ಕೇಳಿ ಅವರ ಔಷಧ ಆರಿಸೋದನ್ನು ಶುರು ಮಾಡಿದಾಗ ನಮ್ಮೂರಿನ ಡಾಕ್ಟರ್ ಮಿತ್ರರೆಲ್ಲ ನಕ್ಕಿದ್ದರು. 'ಪೇಷಂಟನ್ನ ಕೇಳಿ ಮಾತ್ರೆ ಬರೀತೀಯಾ? ಕ್ಲಿನಿಕ್ ಮುಚ್ಚಬೇಕಾಗುತ್ತೆ' ಅಂದರು. ಅರ್ಧ ನಿಜವೂ ಆಯಿತು.

ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯವರ ಶುಗರ್ ಕಾರ್ಡ್‌ಗಳಿವೆ, ಯಾವ ಔಷಧದಿಂದ ತೂಕ, ಖರ್ಚು ಏನಾಗುತ್ತೆ ಅಂತ ಹೋಲಿಸಿ ತೋರಿಸುವಂಥವು. ಮೊದಲು ಅವನ್ನೇ ಕನ್ನಡಕ್ಕೆ ಇಳಿಸಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದೆ. ನಾಲ್ಕೈದು ಸಾವಿರ ಹೋಯಿತು. ಯಾವುದು ಬೇಕು ಅಂತ ಕೇಳಿದರೆ 'ನೀವೇ ಹೇಳಿ ಸಾರ್, ನಮಗೇನು ಗೊತ್ತು' ಅನ್ನುತ್ತಿದ್ದರು. ಒಬ್ಬರಂತೂ 'ಈ ಡಾಕ್ಟ್ರಿಗೆ ಏನೂ ಗೊತ್ತಿಲ್ಲ, ನಮ್ಮನ್ನೇ ಕೇಳ್ತಾರೆ' ಅಂತ ಬೇರೆ ಕಡೆ ಹೋದರು. ದಿನಕ್ಕೆ 40 ಇದ್ದ ಒಪಿಡಿ, ಅಂದರೆ ಬಂದು ತೋರಿಸಿಕೊಂಡು ಹೋಗುವವರ ಸಂಖ್ಯೆ, 32ಕ್ಕೆ ಬಂತು. ಫೀಸು 150. ತಿಂಗಳಿಗೆ ಹತ್ತಿರ ಹತ್ತಿರ 30,000 ಹೊಡೆತ.

ದಾರಿ ತೋರಿಸಿದವರು ತೆಂಗಿನ ಮರ ಹತ್ತುವ ಒಬ್ಬರು. ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್, 9.8. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು 1 ಮಿ.ಗ್ರಾಂ.ನಿಂದ 2, 2ರಿಂದ 4 ಅಂತ ಏರಿಸಿದರೂ ಇಳಿಯಲಿಲ್ಲ. ಒಂದು ದಿನ ಬೇಸತ್ತು, 'ಈ ಮಾತ್ರೆಯಿಂದ ನಿಮಗೇನು ಕಷ್ಟ?' ಅಂದೆ. ಅವರು ಹೆಂಡತಿ ಮುಖ ನೋಡಿದರು. 'ಮರದ ಮೇಲೆ ಒಂದ್ಸಲ ಕೈ ನಡುಗಿ ಕಣ್ಣು ಕತ್ತಲೆ ಬಂತು ಸಾರ್. ಕಾಯಿ ಕೀಳೋ ದಿನ ತಗೊಳ್ಳಲ್ಲ.' ವಾರಕ್ಕೆ ಐದು ದಿನ ಕೀಳುತ್ತಾರೆ! ನುಂಗದ ಮಾತ್ರೆಗೆ ನಾನು ಡೋಸ್ ಏರಿಸುತ್ತಾ ಕೂತಿದ್ದೆ.

ಅಲ್ಲೇ ಪ್ಯಾಡ್ ಹರಿದು ಐದು ಚೀಟಿ ಮಾಡಿದೆ. ಔಷಧದ ಹೆಸರಿಲ್ಲ, ತಾಪತ್ರಯ ಮಾತ್ರ: ಸೂಜಿ, ಲೋ ಶುಗರ್ (ಸಕ್ಕರೆ ತೀರಾ ಇಳಿದು ಕೈ ನಡುಗೋದು), ತೂಕ ಏರೋದು, ಪದೇ ಪದೇ ಮೂತ್ರ, ಖರ್ಚು. 'ಯಾವುದನ್ನ ತಡ್ಕೊಳ್ಳೋಕೆ ಆಗಲ್ವೋ ಅದನ್ನ ತೆಗೀರಿ' ಅಂದೆ. ಲೋ ಶುಗರ್ ತಕ್ಷಣ ಆಚೆ ಹೋಯಿತು. ಮೂತ್ರದ ಚೀಟಿ ಹಿಡಿದು 'ಮರದ ಮೇಲಿದ್ದಾಗ ಅರ್ಜೆಂಟ್ ಆದ್ರೆ?' ಅಂತ ನಕ್ಕು ಅದನ್ನೂ ತಳ್ಳಿದರು. ಸೂಜಿಯಂತೂ ಬೇಡವೇ ಬೇಡ. ಕೊನೆಗೆ ಮೆಟ್‌ಫಾರ್ಮಿನ್ ಜೊತೆ ವಿಲ್ಡಾಗ್ಲಿಪ್ಟಿನ್ ಅಂತಾಯಿತು; ಎರಡೂ ಮಾತ್ರೆಗಳೇ, ಲೋ ಶುಗರ್ ಅಪರೂಪ. 2019ರ ಕೊನೆಗೆ ಪೇಟೆಂಟ್ ಮುಗಿದ ಮೇಲೆ ವಿಲ್ಡಾಗ್ಲಿಪ್ಟಿನ್ ಅಗ್ಗ, ಅಲ್ವಾ. ಆರು ತಿಂಗಳಲ್ಲಿ 7.3ರ ಆಸುಪಾಸಿಗೆ ಬಂದರು.

ಟೈಮ್ ಉಳಿಸೋಣ ಅಂತ ಒಂದು ವಾರ ಚೀಟಿಗಳನ್ನು ಸಿಸ್ಟರ್ ಕೈಲಿ ಹೊರಗಡೆ ಬೆಂಚಿನಲ್ಲೇ ಕೊಡಿಸಿ ನೋಡಿದೆ. ಪಕ್ಕದಲ್ಲಿ ಕೂತವರೆಲ್ಲ ಸೇರಿ ಪಂಚಾಯ್ತಿ ಮಾಡಿ ತೀರ್ಮಾನ ಕೊಟ್ಟು ಕಳಿಸಿದರು. ಕೈಬಿಟ್ಟೆ. ಈಗ ಔಷಧ ಬದಲಿಸಬೇಕಾದವರಿಗೆ ಮಾತ್ರ, ಗುರುವಾರ ಮಧ್ಯಾಹ್ನ, ತಲಾ 12 ನಿಮಿಷ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಬರದೆ ಚೀಟಿ ಹರಡುವುದಿಲ್ಲ; ಕಿಡ್ನಿ ಸರಿಯಿಲ್ಲದಿದ್ದರೆ ಕೆಲವು ಔಷಧ ಕೊಡುವಂತಿಲ್ಲ. ಕೊಡಲಾಗದ ಔಷಧದ ಆಸೆ ಸುಮ್ನೆ ಯಾಕೆ ಹುಟ್ಟಿಸಬೇಕು? ಚೀಟಿಗಳನ್ನು ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಒಪಿಡಿ ಮತ್ತೆ 38ರ ಹತ್ತಿರ ಇದೆ. ಅವತ್ತು ನಕ್ಕಿದ್ದ ಮಿತ್ರರೊಬ್ಬರು ಹೋದ ತಿಂಗಳು ತಮ್ಮ ಅತ್ತೆಯನ್ನೇ ಕಳಿಸಿದ್ದರು. ಆಯಮ್ಮ ಮೊದಲು ತೆಗೆದದ್ದು ಸೂಜಿ ಚೀಟಿಯಲ್ಲ, ಖರ್ಚಿನದು. 'ಅಳಿಯಂದಿರ ದುಡ್ಡಪ್ಪ, ಜಾಸ್ತಿ ಬೇಡ.'