ಕಟ್ಟಡ ತೆಗೆದ ಮೇಲೆ ಸರಿಹೋದ ಗಾಳಿ

ಕಟ್ಟಡ ಇನ್ನೂ ನಕ್ಷೆಯಲ್ಲೇ ಇತ್ತು. ಎತ್ತರ 30 ಮೀಟರ್, ಅಗಲ 20, ಆಳ 15. ಬಾಗಿಲು ಒಂದು ಮೂಲೆಗೆ ತೀರಾ ಹತ್ತಿರ. ಅಲ್ಲಿ ನಡೆದು ಬರುವವರಿಗೆ ಗಾಳಿ ಎಷ್ಟು ಜೋರಾಗಿ ಹೊಡೆಯುತ್ತದೆ? ನನಗೆ ಬೇಕಿದ್ದ ಉತ್ತರ ಇಷ್ಟೇ. ಮಾದರಿ ಮಾಡಿ ನಿಜವಾದ ವಿಂಡ್ ಟನಲ್‌ಗೆ (ಗಾಳಿ ಬಿಟ್ಟು ಪರೀಕ್ಷಿಸುವ ಸುರಂಗಕ್ಕೆ) ಒಯ್ಯುವ ಅನುಕೂಲ ಇರಲಿಲ್ಲ. ಹಾಗಾಗಿ ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಎಂಬ ತಂತ್ರಾಂಶ ಹಿಡಿದು ಕಂಪ್ಯೂಟರಿನಲ್ಲೇ ಒಂದು ಸುರಂಗ ಕಟ್ಟಲು ಕೂತೆ.

ಮೊದಲ ದಿನದ ತಪ್ಪುಗಳು ನಗು ತರಿಸುವಂಥವು. ನಕ್ಷೆ ಮಿಲಿಮೀಟರಿನಲ್ಲಿತ್ತು. ಕಟ್ಟಡದ ಆಕಾರ ಹಿಡಿದಿಡುವ ಎಸ್‌ಟಿಎಲ್ ಫೈಲಿನಲ್ಲಿ ಬರೀ ಅಂಕಿ ಇರುತ್ತದೆ, ಅದು ಮಿಲಿಮೀಟರೋ ಮೀಟರೋ ಎಂಬುದು ಇರುವುದಿಲ್ಲ. ಓಪನ್‌ಫೋಮ್ ಎಲ್ಲವನ್ನೂ ಮೀಟರ್ ಎಂದೇ ಓದುತ್ತದೆ. ನನ್ನ ಕಟ್ಟಡ 30 ಕಿಲೋಮೀಟರ್ ಎದ್ದು ನಿಂತಿತ್ತು! ಅದನ್ನು ಸರಿಮಾಡಿದರೆ ಇನ್ನೊಂದು. ಲೆಕ್ಕಕ್ಕಾಗಿ ಸುರಂಗದ ಜಾಗವನ್ನು ಸಣ್ಣ ಪೆಟ್ಟಿಗೆಗಳಾಗಿ (ಸೆಲ್) ಒಡೆದು ಜಾಲ (ಮೆಶ್) ಮಾಡಬೇಕು, ಅದನ್ನು ಮಾಡುವುದು ಸ್ನ್ಯಾಪಿಹೆಕ್ಸ್‌ಮೆಶ್. ಗಾಳಿ ಕಟ್ಟಡದ ಯಾವ ಕಡೆ, ಒಳಗೋ ಹೊರಗೋ, ಇದೆ ಎಂದು ತೋರಿಸಲು ಅದಕ್ಕೆ ಒಂದು ಬಿಂದು ಕೊಡಬೇಕು. ನಾನು ಕೊಟ್ಟ ಬಿಂದು ಕಟ್ಟಡದ ಒಳಗೇ ಬಿದ್ದಿತ್ತು. ಸುರಂಗವೆಲ್ಲ ಮಾಯ, ಕಟ್ಟಡದ ಹೊಟ್ಟೆ ಮಾತ್ರ ಉಳಿಯಿತು.

ಸುರಂಗದ ಅಳತೆಗೆ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಈ ಕೆಲಸದಲ್ಲಿ ಎಲ್ಲರೂ ಪಾಲಿಸುವ ಲೆಕ್ಕವೊಂದಿದೆ: ಕಟ್ಟಡದ ಮುಂದೆ, ಪಕ್ಕದಲ್ಲಿ, ಮೇಲೆ ಅದರ ಎತ್ತರದ ಐದು ಪಟ್ಟು ಜಾಗ, ಹಿಂದೆ ಹದಿನೈದು ಪಟ್ಟು. ನನ್ನದು 616 ಮೀಟರ್ ಉದ್ದ, 320 ಅಗಲ, 184 ಎತ್ತರ ಆಯಿತು. ಕಟ್ಟಡ ಸುರಂಗದ ಅಡ್ಡ ಜಾಗದಲ್ಲಿ 3 ಶೇಕಡಕ್ಕಿಂತ ಜಾಸ್ತಿ ತುಂಬಬಾರದು. ಇಲ್ಲಿ ಬರೀ 1 ಶೇಕಡ.

ಮೆಶ್‌ನಲ್ಲಿ ದೊಡ್ಡ ಸೆಲ್ 8 ಮೀಟರ್. ಅದನ್ನು ಅರ್ಧ ಅರ್ಧ ಮಾಡುತ್ತಾ ಕಟ್ಟಡದ ಸುತ್ತ ಅರ್ಧ ಮೀಟರಿಗೆ ಇಳಿಸಿದೆ. ಯಾಕೆ ಅರ್ಧ ಮೀಟರ್? ನಡೆಯುವವರ ಮಟ್ಟ ಎಂದರೆ ಸುಮಾರು 1.75 ಮೀಟರ್. ಅದು ನೆಲದಿಂದ ಮೂರನೆಯ ಅಥವಾ ನಾಲ್ಕನೆಯ ಸೆಲ್‌ನಲ್ಲಿ ಬರಬೇಕು, ಮೊದಲನೆಯದರಲ್ಲಿ ಬಂದರೆ ಆ ಅಂಕಿಯನ್ನು ನಂಬುವಂತಿಲ್ಲ. ಆಸೆಪಟ್ಟು ಎಲ್ಲ ಕಡೆ ಸಣ್ಣದು ಮಾಡಲು ಹೋಗಬೇಡಿ. ಒಂದು ಸಲ ಅರ್ಧ ಮಾಡಿದರೆ ಸೆಲ್‌ಗಳು ಎಂಟು ಪಟ್ಟಾಗುತ್ತವೆ.

ಒಳಬರುವ ಗಾಳಿಗೆ ಲಾಗ್ ಪ್ರೊಫೈಲ್ ಕೊಟ್ಟೆ, ಎಂದರೆ ನೆಲದಿಂದ ಮೇಲೇರಿದಂತೆ ವೇಗ ಲಾಗರಿದಮ್ ಲೆಕ್ಕದಲ್ಲಿ ಹೆಚ್ಚುತ್ತದೆ. 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್ ವೇಗ, ನೆಲದ ಒರಟುತನ (ನೆಲ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) 0.1 ಮೀಟರ್. ಅದರ ಪ್ರಕಾರ 1.75 ಮೀಟರಿನಲ್ಲಿ 3.16 ಬರಬೇಕು. ಓಪನ್‌ಫೋಮಿನಲ್ಲಿ ಲೆಕ್ಕ ಮಾಡುವ ಸಿಂಪಲ್‌ಫೋಮ್ ಓಡಿಸಿದೆ, ಫಲಿತಾಂಶ ತೋರಿಸುವ ಪ್ಯಾರಾವ್ಯೂನಲ್ಲಿ ಬಣ್ಣ ಬಣ್ಣದ ಚಿತ್ರ ಬಂತು. ಖುಷಿಯಾಯಿತು. ಎರಡು ದಿನ ಅದನ್ನೇ ನಂಬಿಕೊಂಡಿದ್ದೆ.

ಆಮೇಲೆ ಸುಮ್ನೆ ಕುತೂಹಲಕ್ಕೆ ಕಟ್ಟಡ ತೆಗೆದು ಖಾಲಿ ಸುರಂಗ ಓಡಿಸಿದೆ. ಕಟ್ಟಡವೇ ಇಲ್ಲದ ಮೇಲೆ ಒಳಗೆ ಬಂದ ಗಾಳಿ ಹಾಗೇ ಆ ತುದಿಗೆ ಹೋಗಬೇಕು, ಅಲ್ವಾ? ಹೋಗಲಿಲ್ಲ. ಕಟ್ಟಡ ನಿಲ್ಲಬೇಕಿದ್ದ ಜಾಗ ತಲುಪುವಷ್ಟರಲ್ಲೇ ನೆಲದ ಹತ್ತಿರದ ಗಾಳಿ ವೇಗ ಹೆಚ್ಚಿಸಿಕೊಂಡಿತ್ತು. ಕಾರಣ ಹುಡುಕಿದರೆ ನೆಲಕ್ಕೆ ನಯವಾದ ಗೋಡೆಯ ಷರತ್ತು ಹಾಕಿದ್ದೆ. ಒಳಬರುವ ಗಾಳಿಗೆ ನೆಲ ಒರಟು ಎಂದು ಹೇಳಿ, ನೆಲಕ್ಕೆ ಮಾತ್ರ ನೀನು ನುಣುಪು ಎಂದಿದ್ದೆ. ಗಾಳಿ ನೆಲದ ಮಾತು ಕೇಳಿತು. ಅದರ ಮೇಲೆ ದೂರದ ನೆಲದಲ್ಲಿ ಸೆಲ್‌ಗಳು 8 ಮೀಟರಿನವೇ ಉಳಿದಿದ್ದವು. 1.75 ಮೀಟರಿನ ಗಾಳಿ ಅವುಗಳಲ್ಲಿ ಎಲ್ಲಿ ಕಾಣಬೇಕು?

ನೆಲಕ್ಕೂ ಅದೇ 0.1ರ ಒರಟುತನ ಕೊಟ್ಟೆ. ಉದ್ದಕ್ಕೂ ನೆಲದ ಪಕ್ಕದ ಸೆಲ್‌ಗಳನ್ನು 2 ಮೀಟರಿಗೆ ಇಳಿಸಿದೆ. ಸುರಂಗದ ಮೇಲ್ಭಾಗಕ್ಕೆ ಸ್ಲಿಪ್ (ಗಾಳಿ ತಡೆಯಿಲ್ಲದೆ ಜಾರುವ ಷರತ್ತು) ಬದಲು ಆ ಎತ್ತರದ ವೇಗವನ್ನೇ ನಿಗದಿ ಮಾಡಿದೆ. ಆಗ ಖಾಲಿ ಸುರಂಗದ ಎರಡೂ ತುದಿಯ ವೇಗದ ಗೆರೆಗಳು ಹತ್ತಿರ ಹತ್ತಿರ ಕೂತವು. ಮೂರು ದಿನ ಇದಕ್ಕೇ ಹೋಯಿತು. ಕಟ್ಟಡವನ್ನು ವಾಪಸ್ ಇಟ್ಟಾಗ ಸೆಲ್‌ಗಳು ಹದಿನೈದು ಲಕ್ಷ ದಾಟಿದ್ದವು.

ಟರ್ಬುಲೆನ್ಸ್ ಮಾದರಿಗೆ, ಎಂದರೆ ಗಾಳಿಯ ಕಲಕಾಟವನ್ನು ಅಂದಾಜಿಸುವ ಸೂತ್ರಕ್ಕೆ, ಮೊದಲು ಸಾದಾ ಕೆ-ಎಪ್ಸಿಲಾನ್ ಹಾಕಿದ್ದೆ. ಚಾವಣಿಯ ಮುಂದಿನ ಅಂಚಿನಲ್ಲಿ ಗಾಳಿ ಬಿಟ್ಟುಹೋಗಿ ಮೇಲೆ ಸುಳಿ ಆಗಬೇಕಿತ್ತು, ಆದರೆ ಅದು ಚಾವಣಿಗೆ ಅಂಟಿಕೊಂಡೇ ಹರಿಯಿತು. ಗಾಳಿ ನೇರ ಬಡಿಯುವ ಕಡೆ ಈ ಮಾದರಿ ಟರ್ಬುಲೆನ್ಸನ್ನು ವಿಪರೀತ ಹುಟ್ಟಿಸುತ್ತದೆ, ಅದರ ಹಳೆಯ ಚಾಳಿ. ಅದರದೇ ಸುಧಾರಿತ ರೂಪವಾದ ರಿಯಲೈಸಬಲ್ ಮಾದರಿಗೆ ಬದಲಿಸಿದ ಮೇಲೆ ಸುಳಿ ಕಂಡಿತು. ಹಿಂಬದಿಯ ನೆರಳು ಗಾಳಿ (ಕಟ್ಟಡದ ಮರೆಯಲ್ಲಿ ನಿಧಾನವಾದ ಗಾಳಿ) ಮಾತ್ರ ಈ ಬಗೆಯ ಲೆಕ್ಕಗಳಲ್ಲಿ ನಿಜಕ್ಕಿಂತ ಉದ್ದವೇ ಬರುತ್ತದೆ. ನನ್ನ ಬಾಗಿಲು ಹಿಂದೆ ಇದ್ದಿದ್ದರೆ ನಾನು ಈ ಉತ್ತರ ಕೊಡಲು ಹಿಂಜರಿಯುತ್ತಿದ್ದೆ.

ರೆಸಿಡುವಲ್, ಎಂದರೆ ಲೆಕ್ಕದಲ್ಲಿ ಇನ್ನೂ ಉಳಿದ ತಪ್ಪಿನ ಅಳತೆ, ಒಂದು ಮಟ್ಟಕ್ಕೆ ಇಳಿದು ಅಲ್ಲೇ ತೂಗಾಡುತ್ತಿತ್ತು. ಅದನ್ನು ನೋಡುತ್ತಾ ಕೂರುವ ಬದಲು ಬಾಗಿಲ ಹತ್ತಿರದ ಮೂಲೆಯಲ್ಲಿ ವೇಗ ಓದುವ ಒಂದು ಪ್ರೋಬ್ ಇಟ್ಟು, ಲೆಕ್ಕದ ಕೊನೆಯ 500 ಸುತ್ತುಗಳ ಸರಾಸರಿ ತೆಗೆದೆ. ಸೆಕೆಂಡಿಗೆ 4.4 ಮೀಟರ್ ಬಂತು, ಎಂದರೆ ಖಾಲಿ ಬಯಲಿನ 1.4 ಪಟ್ಟು. ಮೆಶ್ ಇನ್ನೊಂದು ಹಂತ ಸಣ್ಣದು ಮಾಡಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಮೊದಲ ಚಿತ್ರದಲ್ಲಿ ಇದೇ ಜಾಗ 5.3 ತೋರಿಸಿತ್ತು.

ಬಾಗಿಲನ್ನು ಗೋಡೆಯ ನಡುವಿಗೆ ಸರಿಸಿ ಎಂದು ಬರೆದು ಕೊಟ್ಟೆ. ಈಗ ಉಳಿದ ದಿಕ್ಕುಗಳ ಗಾಳಿ ಓಡಿಸುತ್ತಿದ್ದೇನೆ. ಸುರಂಗವನ್ನು ಮುಟ್ಟುತ್ತಿಲ್ಲ. ಎಸ್‌ಟಿಎಲ್ ಫೈಲನ್ನೇ 22.5 ಡಿಗ್ರಿ ತಿರುಗಿಸಿ ಮತ್ತೆ ಮೆಶ್ ಮಾಡುತ್ತೇನೆ.