ಕೂಲಂಟ್ ಪದೇ ಪದೇ ಇಳಿಯುತ್ತಿದೆಯೇ? ಮೊದಲು ಸೋರಿಕೆ ಹುಡುಕಿ, ಆಮೇಲೆ ಗಾಳಿ ತೆಗೆಯಿರಿ

ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕೂಲಂಟ್ ಟ್ಯಾಂಕಿನಲ್ಲಿ ತಿಂಗಳು ತಿಂಗಳೂ ಮಟ್ಟ ಇಳಿಯುತ್ತಿದ್ದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಎಂಜಿನ್ ಬಿಸಿಯಿದ್ದಾಗ ಒತ್ತಡಕ್ಕೆ ದ್ರವ ಹೊರಬರುವ ಸಂದಿಯಿಂದಲೇ ತಣ್ಣಗಾಗುವಾಗ ಗಾಳಿ ಒಳಸೇರಬಹುದು. ಹಾಗಾಗಿ ಸೋರಿಕೆ ಮುಚ್ಚದೆ ಗಾಳಿ ತೆಗೆಸುವುದು ದುಡ್ಡು ದಂಡ.

ಏರ್ ಲಾಕ್ ಆದ, ಅಂದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡ ಗಾಡಿ ಸುಳಿವು ಕೊಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರಿ ಇಳಿದು ಆಡುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಕೇಳುತ್ತದೆ, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ. ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯೇರಿ, ವೇಗ ಸಿಕ್ಕ ಕೂಡಲೇ ಇಳಿದರೆ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ ಎಂದು ಮೊದಲು ನೋಡಿ.

<b>ಸೋರಿಕೆ ಹುಡುಕುವುದು</b>

ಈ ಕೆಲಸ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾಡಬೇಕು. ಹಿಂದಿನ ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಡಿ. ಎಸಿಯಿಂದ ತೊಟ್ಟಿಕ್ಕುವುದು ಬರೀ ನೀರು. ಕೂಲಂಟ್‌ಗೆ ಬಣ್ಣವಿದೆ, ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸ್ವಲ್ಪ ನೆಕ್ಕಿದರೂ ನಾಯಿ, ಬೆಕ್ಕುಗಳ ಜೀವಕ್ಕೆ ಅಪಾಯ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಚೆಲ್ಲಿದ್ದನ್ನು ಆ ಕ್ಷಣವೇ ಒರೆಸಿ ತೊಳೆಯಿರಿ.

ಹೋಸ್ ಪೈಪ್‌ಗಳ ತುದಿ, ಕ್ಲಿಪ್‌ಗಳ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದು ಒಣಗಿದ ಕೂಲಂಟ್. ರೇಡಿಯೇಟರ್‌ನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಸೇರುವ ಅಂಚು, ವಾಟರ್ ಪಂಪ್‌ನ ಕೆಳಗಿನ ಸಣ್ಣ ತೂತನ್ನೂ ಟಾರ್ಚ್ ಹಿಡಿದು ನೋಡಿ. ಕಾರಿನೊಳಗೆ ಮ್ಯಾಟ್ ಒದ್ದೆಯಾಗಿ, ಗಾಜಿನ ಮೇಲೆ ಅಂಟಂಟಾದ ಮಂಜು ಕೂರುತ್ತಿದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಹಿಂದೆ ಬಿಸಿ ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರ್) ಸೋರುತ್ತಿರಬಹುದು. ಎಸಿ ನೀರಿನ ಪೈಪ್ ಕಟ್ಟಿಕೊಂಡರೂ ಮ್ಯಾಟ್ ಒದ್ದೆಯಾಗುತ್ತದೆ, ಆದ್ದರಿಂದ ವಾಸನೆ ನೋಡಿಯೇ ತೀರ್ಮಾನಿಸಿ.

ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಅಥವಾ ಕೂಲಂಟ್ ಟ್ಯಾಂಕಿನ ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡಬೇಕು. ಒತ್ತಡ ತೋರಿಸುವ ಮುಳ್ಳು ಇಳಿದರೆ ಸೋರಿಕೆ ಇದ್ದೇ ಇದೆ. ಕ್ಯಾಪನ್ನೂ ಪರೀಕ್ಷಿಸಲು ಹೇಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಕುಕ್ಕರ್ ವೆಯ್ಟ್‌ನಂತೆ ಒತ್ತಡ ಹಿಡಿದಿಡುವುದರಿಂದ ಕೂಲಂಟ್ ಮಿಶ್ರಣ 120 ಡಿಗ್ರಿ ದಾಟಿದರೂ ಕುದಿಯದೆ ನಿಲ್ಲುತ್ತದೆ. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹೊಸ ಕ್ಯಾಪ್ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಗೆ ಹೊಂದಿಸಿ ತನ್ನಿ.

ಹೊರಗೆಲ್ಲೂ ಸೋರಿಕೆಯಿಲ್ಲ, ಆದರೂ ಎಂಜಿನ್ ಚಾಲೂ ಮಾಡಿದಾಗಿನಿಂದ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲುತ್ತಿಲ್ಲ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ ಎಂದಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ಗೆ ಬಿಡಿ.

<b>ಗಾಳಿ ತೆಗೆಯುವುದು</b>

ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಗಾಳಿ ಬಿಡಲೆಂದೇ ಇರುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಕೂಲಂಟ್ ಸುರಿದು ಮುಚ್ಚಿ. ಇಲ್ಲದಿದ್ದರೆ ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಐಡ್ಲಿಂಗ್‌ನಲ್ಲಿ ಬಿಡಿ, ಗ್ಲೌಸ್ ಹಾಕಿಕೊಂಡು ಮೇಲಿನ ಹೋಸನ್ನು ಆಗಾಗ ಹಿಸುಕಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ದೂರವಿರಲಿ. ಬಹುಪಾಲು ಕಾರುಗಳಲ್ಲಿ 80ರಿಂದ 90 ಡಿಗ್ರಿಯ ನಡುವೆ ಥರ್ಮೋಸ್ಟಾಟ್, ಅಂದರೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ತೆರೆದುಕೊಳ್ಳುತ್ತದೆ. ಆಗ ಮಟ್ಟ ಇಳಿಯಬಹುದು, ಸೇರಿಸಿ ಕ್ಯಾಪ್ ಮುಚ್ಚಿ. ಎಲೆಕ್ಟ್ರಿಕ್ ಪಂಪ್ ಇರುವ ಕೆಲವು ಹೊಸ ಗಾಡಿಗಳಲ್ಲಿ ಗಾಳಿ ತೆಗೆಯಲು ಗ್ಯಾರೇಜಿನ ಸ್ಕ್ಯಾನರ್ ಬೇಕು, ಮ್ಯಾನ್ಯುಯಲ್ ನೋಡಿ.

ಬೋರ್‌ವೆಲ್ ನೀರು ಖಂಡಿತ ಬೇಡ, ಅದರ ಲವಣ ರೇಡಿಯೇಟರ್ ಒಳಗೆ ಗಟ್ಟಿ ಕೂರುತ್ತದೆ. ಸಿದ್ಧ ಮಿಶ್ರಣ, ಇಲ್ಲವೇ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಸಾಕು. ಸೋರಿಕೆ ಮುಚ್ಚುವ ಪುಡಿ ಹೀಟರ್ ಕೋರನ್ನೇ ಕಟ್ಟಿಹಾಕಬಹುದು, ನಾನಂತೂ ಶಿಫಾರಸು ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇದೆಯೇ ನೋಡಿ. ಒಂದು ವಾರ ದಿನವೂ ನೋಡಿ.

ಈ ನಡುವೆ ರಸ್ತೆಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಎಸಿ ಆರಿಸಿ, ಹೀಟರ್ ಜೋರಾಗಿ ಹಾಕಿ, ಎಡಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕ್ಯಾಪ್ ಮುಟ್ಟಬೇಡಿ, ಉಗಿ ಚಿಮ್ಮಿ ಮುಖ ಸುಡುತ್ತದೆ. ಬಿಸಿ ಎಂಜಿನ್‌ಗೆ ತಣ್ಣೀರೂ ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಕೂಲಂಟ್ ನೆಲಕ್ಕೆ ಸುರಿಯುತ್ತಿದ್ದರೆ ಟೋಯಿಂಗ್ ಗಾಡಿ ಕರೆಸಿ.