ಮೈಮೇಲೆ ಧರಿಸುವ ಕಂಪ್ಯೂಟರಿಗೆ ನಾನು ಸ್ಟೋರೇಜ್ ಆರಿಸಿದ ಬಗೆ

ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿ, ಕಣ್ಣಿನ ಪಕ್ಕದಲ್ಲೊಂದು ಚಿಕ್ಕ ಡಿಸ್‌ಪ್ಲೇ, ಅಂಗೈಯಲ್ಲಿ ಹಿಡಿಯುವ ಬ್ಲೂಟೂತ್ ಕೀಲಿಮಣೆ. ನಾನೇ ಜೋಡಿಸಿದ ಈ ಕಂಪ್ಯೂಟರಿನೊಳಗೆ ಇರುವುದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ನಡೆದಾಡುತ್ತಲೇ ಟಿಪ್ಪಣಿ ಬರೆದುಕೊಳ್ಳುವುದು, ಧ್ವನಿ ಮುದ್ರಿಸುವುದು ಇದರ ಕೆಲಸ. ಒಳಗೆ ಸೇರುವ ಮಾಹಿತಿ ಒಮ್ಮೆ ಹೋದರೆ ಮತ್ತೆ ಸಿಗುವಂಥದ್ದಲ್ಲ. ಆದ್ದರಿಂದ ಎಷ್ಟು ಜಿಬಿ, ಎಷ್ಟು ವೇಗ ಎಂದು ನೋಡುವ ಮೊದಲು ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಗತಿಯೇನು?

ಮೇಜಿನ ಮೇಲಿರುವ ಯಂತ್ರಕ್ಕೆ ಇದು ಅಪರೂಪದ ಆಪತ್ತು. ಮೈಮೇಲಿರುವುದಕ್ಕೆ ನಿತ್ಯದ ಪಾಡು. ಬಗ್ಗಿದರೆ ಕೇಬಲ್ ಎಳೆಯುತ್ತದೆ, ಕುಳಿತರೆ ಪ್ಲಗ್ ಸಡಿಲವಾಗುತ್ತದೆ, ಬ್ಯಾಟರಿ ಹೇಳದೆ ಕೇಳದೆ ಮುಗಿದುಹೋಗುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿರುವಂಥ ವೇಗದ ಡ್ರೈವ್ ಆದ ಎಸ್‌ಎಸ್‌ಡಿಯನ್ನು ಬೇಗನೆ ಕೈಬಿಟ್ಟೆ. ಅದನ್ನು ಜೋಡಿಸಲು ಈ ಬೋರ್ಡಿನಲ್ಲಿರುವುದು ಯುಎಸ್‌ಬಿ 2.0. ಸೆಕೆಂಡಿಗೆ 480 ಮೆಗಾಬಿಟ್ ಅದರ ಮಿತಿ, ಹಾಗಾಗಿ ಎಸ್‌ಎಸ್‌ಡಿಯ ವೇಗವೆಲ್ಲ ವ್ಯರ್ಥ. ಮೇಲಾಗಿ, ಕೆಲಸದ ನಡುವೆ ಅದು ಇಡೀ ಬೋರ್ಡಿಗಿಂತ ಹೆಚ್ಚು ವಿದ್ಯುತ್ ಎಳೆಯಬಲ್ಲದು. ಇಎಂಎಂಸಿ ಎಂಬ ಸ್ಟೋರೇಜ್ ಚಿಪ್ ಇರುವ, ರಾಸ್ಪ್‌ಬೆರಿ ಪೈಯದೇ ಇನ್ನೊಂದು ಬೋರ್ಡ್ ಆದ ಕಂಪ್ಯೂಟ್ ಮಾಡ್ಯೂಲ್ 4 ಮಾತ್ರ ಮನಸ್ಸನ್ನು ಸೆಳೆಯಿತು. ಚಿಪ್ ಬೋರ್ಡಿಗೇ ಬೆಸೆದಿರುವುದರಿಂದ ಅಲ್ಲಿ ಸಡಿಲವಾಗಲು ಏನೂ ಇಲ್ಲ. ಆದರೆ ಆ ಮಾದರಿಯಲ್ಲಿ ಎಸ್‌ಡಿ ಸಂಪರ್ಕ ಸಿಗುವುದಿಲ್ಲ, ಚಿಪ್ ಸವೆದರೆ ಮಾಡ್ಯೂಲನ್ನೇ ಬದಲಿಸಬೇಕು. ಉಳಿದದ್ದು ಮೈಕ್ರೊಎಸ್‌ಡಿ ಕಾರ್ಡ್. 15 ಮಿ.ಮೀ. ಉದ್ದ, 11 ಮಿ.ಮೀ. ಅಗಲ, ಕೆಟ್ಟರೆ ಕ್ಷಣದಲ್ಲಿ ಬದಲಿಸಬಹುದು.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. ಈ ಕಾರ್ಡಿನೊಳಗಿರುವ ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಸಣ್ಣ ಪುಟಗಳಲ್ಲಿ, ಅಳಿಸುವುದು ಹಲವು ಪುಟಗಳು ಸೇರಿದ ದೊಡ್ಡ ಬ್ಲಾಕ್‌ಗಳಲ್ಲಿ. ಒಂದು ಪುಟ್ಟ ಫೈಲ್ ಬದಲಾದರೂ ಇದನ್ನೆಲ್ಲ ನಡೆಸುವ, ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ ಅಕ್ಕಪಕ್ಕದ ಮಾಹಿತಿಯನ್ನು ಬೇರೆಡೆಗೆ ಸಾಗಿಸಬೇಕಾಗಬಹುದು. ಆ ಹೊತ್ತಿಗೆ ಕರೆಂಟ್ ಹೋದರೆ ನಾವು ಮುಟ್ಟದೇ ಇದ್ದ ಮಾಹಿತಿಗೂ ಪೆಟ್ಟು ಬೀಳಬಹುದು. ಕಾರ್ಡಿನಲ್ಲಿ ನಾವು ಮಾಡುವ ಭಾಗ, ಅಂದರೆ ಪಾರ್ಟಿಷನ್ ಎಂಬುದು ಕಂಟ್ರೋಲರಿಗೆ ಗೊತ್ತೇ ಇಲ್ಲ. ಒಂದೇ ಕಾರ್ಡಿನಲ್ಲಿ ಎರಡು ಭಾಗ ಮಾಡಿ, ಆಪರೇಟಿಂಗ್ ಸಿಸ್ಟಮ್ ಇರುವ ಭಾಗವನ್ನು ಓದಲು ಮಾತ್ರ ಎಂದು ಗುರುತಿಸಿದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ.

ಅದಕ್ಕೇ ಎರಡು ಕಾರ್ಡ್ ಇಟ್ಟೆ. ಬೋರ್ಡಿನ ಸ್ಲಾಟಿನಲ್ಲಿರುವ ಕಾರ್ಡಿನಲ್ಲಿ ಆಪರೇಟಿಂಗ್ ಸಿಸ್ಟಮ್ ಮಾತ್ರ. ಮೂಲದ ಮೇಲೆ ತಾತ್ಕಾಲಿಕ ಪದರ ಹೊದಿಸುವ ಓವರ್‌ಲೇ ಫೈಲ್ ಸಿಸ್ಟಮ್ ಹಾಕಿರುವುದರಿಂದ ಬದಲಾವಣೆಗಳೆಲ್ಲ ರ್‍ಯಾಮಿನಲ್ಲೇ ಉಳಿಯುತ್ತವೆ, ಕಾರ್ಡಿಗೆ ಏನೂ ಹೋಗುವುದಿಲ್ಲ. ರ್‍ಯಾಮ್ ಇರುವುದು ಬರೀ 512 ಎಂಬಿ. ಸಿಸ್ಟಮ್ ತಾನೇ ಬರೆದಿಡುತ್ತಾ ಹೋಗುವ ಲಾಗ್‌ಗಳಿಗೆ ಮಿತಿ ಹಾಕದಿದ್ದರೆ ಅವೇ ಅದನ್ನು ನುಂಗಿಬಿಡುತ್ತವೆ. ಟಿಪ್ಪಣಿ, ಧ್ವನಿಗಳಿಗೆ ಎರಡನೆಯ ಕಾರ್ಡ್. ಅದರ ರೀಡರನ್ನು ಬೋರ್ಡಿನ ಅಡಿಯಲ್ಲಿರುವ ಯುಎಸ್‌ಬಿ ಪ್ಯಾಡ್‌ಗಳಿಗೆ ಬೆಸುಗೆ ಹಾಕಿದ್ದೇನೆ, ನಡುವೆ ಕೇಬಲ್ ಇಲ್ಲ. ರೀಡರ್ ಕೊಳ್ಳುವಾಗ ಸ್ಲಾಟನ್ನೂ ಗಮನಿಸಬೇಕು. ಒತ್ತಿದರೆ ಹೊರಬರುವ ಸ್ಲಾಟ್, ಬೆಲ್ಟ್ ಅಥವಾ ಕುರ್ಚಿಯ ಕೈ ತಗುಲಿದರೂ ಕಾರ್ಡನ್ನು ಉಗುಳುತ್ತದೆ. ಲೋಹದ ಮುಚ್ಚಳ ಮಡಚಿ ಬಿಗಿಯುವಂಥದ್ದನ್ನೇ ಆರಿಸಿದೆ.

ಕಾರ್ಡಿನ ಮೇಲೆ ಅಚ್ಚಾದ ಗುರುತುಗಳಲ್ಲಿ ವಿ30 ಎಂಬುದು ವಿಡಿಯೊ ಮುದ್ರಣದ ಸತತ ವೇಗವನ್ನು ಹೇಳುತ್ತದೆ. ಆಪರೇಟಿಂಗ್ ಸಿಸ್ಟಮ್ ಇರುವ ಕಾರ್ಡಿಗೆ ಎ1 ಗುರುತು ಮುಖ್ಯ: ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದು, 500 ಬಿಡಿ ಬರಹ. ಎ2 ಇನ್ನೂ ವೇಗ, ಆದರೆ ಹಲವು ಆದೇಶಗಳನ್ನು ಒಟ್ಟಿಗೆ ಸಾಲಿನಲ್ಲಿಡುವ ಕಮಾಂಡ್ ಕ್ಯೂ ಅನ್ನು ಬೋರ್ಡ್ ಬಳಸಿದರೆ ಮಾತ್ರ, ನನ್ನ ಬೋರ್ಡ್ ಬಳಸುವುದಿಲ್ಲ. ಮಾಹಿತಿಯ ಕಾರ್ಡಿಗೆ ಕಣ್ಗಾವಲು ಕ್ಯಾಮೆರಾಗಳಿಗೆಂದು ಮಾಡುವ ಹೈ ಎಂಡ್ಯೂರೆನ್ಸ್ (ಸತತ ಬರಹ ತಾಳುವ) ಮಾದರಿಯನ್ನು ಆರಿಸಿದೆ. 16 ಕಿಲೋಹರ್ಟ್ಸ್, 16 ಬಿಟ್, ಒಂದೇ ಚಾನೆಲಿನ ಧ್ವನಿ ಗಂಟೆಗೆ ಸುಮಾರು 115 ಎಂಬಿ. ದಿನಕ್ಕೆ ಎಂಟು ಗಂಟೆ ಮುದ್ರಿಸಿದರೂ 64 ಜಿಬಿ ಎರಡು ತಿಂಗಳಿಗೂ ಮಿಗುತ್ತದೆ. ಕಾರ್ಡಿನೊಂದಿಗೆ ಬರುವ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್‌ನಲ್ಲಿ ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ದಾಖಲೆ) ಇಲ್ಲ, ಅದನ್ನು ಅಳಿಸಿ ಜರ್ನಲ್ ಇರುವ ಎಕ್ಸ್‌ಟಿ4 ಮಾಡಿಕೊಂಡೆ.

ಗುರುತು ನೋಡಿ ನಂಬುವುದಕ್ಕಿಂತ ಪರೀಕ್ಷಿಸುವುದು ಮೇಲು. ಮೊದಲು ಎಫ್3 ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿ ಓದಿ, ಗಾತ್ರ ಅಸಲಿಯೇ ಎಂದು ನೋಡಿದೆ. ಆಮೇಲೆ ಕ್ರಮಸಂಖ್ಯೆ ಹಾಕಿದ ದಾಖಲೆಗಳನ್ನು ಒಂದರ ಹಿಂದೊಂದು ಬರೆಯುವ ಸಣ್ಣ ಪ್ರೋಗ್ರಾಮ್ ಮಾಡಿದೆ. ಪ್ರತಿ ದಾಖಲೆಗೂ ಎಫ್‌ಸಿಂಕ್ (ಈಗಲೇ ಕಾರ್ಡಿಗೆ ಬರೆ ಎಂಬ ಆದೇಶ) ಮಾಡಿ, ಕಾರ್ಡ್ ‘ಬರೆದಾಯಿತು’ ಎಂದ ಮೇಲೆ ಆ ಸಂಖ್ಯೆ ಸೀರಿಯಲ್ ತಂತಿಯ ಮೂಲಕ ಇನ್ನೊಂದು ಕಂಪ್ಯೂಟರಿಗೆ ಹೋಗುತ್ತಿತ್ತು. ನಡುವೆ ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದು ಇಷ್ಟ ಬಂದಾಗ ಕರೆಂಟ್ ಕತ್ತರಿಸುತ್ತಿತ್ತು. ಮತ್ತೆ ಚಾಲೂ ಮಾಡಿ ಎರಡೂ ಪಟ್ಟಿ ತಾಳೆ ನೋಡಿದಾಗ ಗುಟ್ಟು ಹೊರಬಿತ್ತು: ಒಂದೇ ವೇಗದ ಗುರುತಿದ್ದ ಎರಡು ಕಾರ್ಡ್‌ಗಳಲ್ಲಿ ಒಂದು, ‘ಬರೆದಾಯಿತು’ ಎಂದಿದ್ದ ದಾಖಲೆಗಳನ್ನೇ ಕಳೆದಿತ್ತು. ಅದನ್ನು ಆಚೆಗಿಟ್ಟೆ.

ಧ್ವನಿಯನ್ನು ಈಗ ಒಂದೊಂದು ನಿಮಿಷದ ಫೈಲ್‌ಗಳಾಗಿ ಮುದ್ರಿಸುತ್ತೇನೆ, ಕರೆಂಟ್ ಹೋದರೆ ಸಾಮಾನ್ಯವಾಗಿ ಹೋಗುವುದು ಕೊನೆಯ ತುಣುಕು. ಟಿಪ್ಪಣಿಯನ್ನು ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ನಿಜವಾದ ಹೆಸರು ಕೊಡುತ್ತೇನೆ. ಚಾರ್ಜಿಗೆ ಹಾಕಿದಾಗ ಎಲ್ಲವೂ ಫೈಲ್ ನಕಲು ಮಾಡುವ ಆರ್‌ಸಿಂಕ್ ಎಂಬ ತಂತ್ರಾಂಶದ ಮೂಲಕ ಮನೆಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂದು ನೋಡುವ ಲೆಕ್ಕದ ಸಂಖ್ಯೆ) ತಾಳೆಯಾದ ಮೇಲಷ್ಟೇ ಕಾರ್ಡಿನಿಂದ ಅಳಿಸಲು ಪ್ರೋಗ್ರಾಮಿಗೆ ಅನುಮತಿ ಇದೆ.